ಅಂಟುವಾಳ ಎಂದು ಬರೆದ ಮೇಲೆ

ಕಳೆದ ವರ್ಷ ಫೆಬ್ರುವರಿಯ ಒಂದು ಬೆಳಿಗ್ಗೆ ನಮ್ಮ ಮನೆಯ ಹಿಂದಿನ ಖಾಲಿ ನಿವೇಶನದಲ್ಲಿ ಯಾರೋ ಕಸಕ್ಕೆ ಬೆಂಕಿ ಹಚ್ಚಿದ್ದರು. ಹೊಗೆ ನೇರವಾಗಿ ಅಡುಗೆಮನೆಯ ಕಿಟಕಿಗೆ ನುಗ್ಗುತ್ತಿತ್ತು. ಒಂಬತ್ತನೆಯ ತರಗತಿಯ ಮಗಳು ಕೆಮ್ಮುತ್ತಾ ಎದ್ದು ಬಂದಳು. ಒಂದು ಬಕೆಟ್ ನೀರು ಹಿಡಿದು ನಾನೇ ಹೋದೆ. ಬೆಂಕಿ ಆರಿಸಿ ಕೋಲಿನಿಂದ ಕೆದಕಿದರೆ, ಅರ್ಧ ಬೆಂದ ಹಾಲಿನ ಪ್ಯಾಕೆಟ್ಟುಗಳ ನಡುವೆ ನಮ್ಮ ಅತ್ತೆಯ ಮಾತ್ರೆಯ ಡಬ್ಬಿ ಕಂಡಿತು. ಔಷಧಿ ಅಂಗಡಿಯವರು ಅದರ ಮೇಲೆ ಬರೆದಿದ್ದ ಅವರ ಹೆಸರು ಇನ್ನೂ ಓದುವಂತಿತ್ತು. ಬೆಳಗಿನ ಅವಸರದಲ್ಲಿ ಕಸದ ಗಾಡಿ ತಪ್ಪಿಹೋದ ದಿನಗಳಲ್ಲಿ ಚೀಲವನ್ನು ಕಾಂಪೌಂಡಿನ ಆಚೆ ಇಟ್ಟು ಕೆಲಸಕ್ಕೆ ಹೊರಡುತ್ತಿದ್ದವಳು ನಾನೇ. ಮಗಳು ಕೆಮ್ಮುತ್ತಿದ್ದುದು ನಮ್ಮ ಮನೆಯ ಹೊಗೆಗೆ.

ನಾನು ಕೋಲಾರದ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪ್ರಯೋಗಾಲಯದ ಸಹಾಯಕಿ. ಅಳೆಯುವುದು, ತೂಗುವುದು, ಬರೆದಿಡುವುದು ನನ್ನ ದಿನನಿತ್ಯದ ಕೆಲಸ. ಆ ರಾತ್ರಿ ಊಟವಾದ ಮೇಲೆ ಮೊಬೈಲ್ ಹಿಡಿದು ಕುಳಿತು ‘ಪರಿಸರ ಸ್ನೇಹಿ ಜೀವನಶೈಲಿ’ ಎಂದು ಕನ್ನಡದಲ್ಲಿ ಬರೆದು ಹುಡುಕಿದೆ. ಸಿಕ್ಕಿದ್ದು ಪರೀಕ್ಷೆಗೆ ಬರೆಯುವ ಪ್ರಬಂಧಗಳು, ಜೂನ್ 5ರ ಪರಿಸರ ದಿನದ ಭಾಷಣಗಳು. ‘ಪ್ರಕೃತಿ ನಮ್ಮ ತಾಯಿ’ ಎಂದು ಶುರುವಾಗಿ ‘ಗಿಡ ನೆಡೋಣ’ ಎಂದು ಮುಗಿಯುವ ಹತ್ತಾರು ಪುಟಗಳನ್ನು ಓದಿದೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ ತರಕಾರಿ ಸಿಪ್ಪೆಯನ್ನು ಏನು ಮಾಡಬೇಕು ಎನ್ನುವುದಕ್ಕೆ ಅವುಗಳಲ್ಲಿ ಒಂದು ಸಾಲೂ ಇರಲಿಲ್ಲ. ಅದೇ ಮಾತನ್ನು ಇಂಗ್ಲಿಷಿನಲ್ಲಿ ಬರೆದೆ. ಆಗ ಬಿದಿರಿನ ಹಲ್ಲುಜ್ಜುವ ಬ್ರಷ್, ಉಕ್ಕಿನ ಹೀರುಕೊಳವೆ, ಮರದ ಬಾಚಣಿಗೆ ಸಾಲಾಗಿ ಬಂದು ನಿಂತವು. ಎಲ್ಲಕ್ಕೂ ಬೆಲೆ ಇತ್ತು. ಕೊಳ್ಳುವುದನ್ನು ಕಡಿಮೆ ಮಾಡಬೇಕೆಂದು ಹುಡುಕಿದವಳ ಮುಂದೆ ಇಷ್ಟೊಂದು ಸರಕು ಸುರಿದದ್ದನ್ನು ಕಂಡು ನಿಜಕ್ಕೂ ಸಿಟ್ಟು ಬಂತು. ಎರಡು ವಾರ ಹೀಗೆಯೇ ಹೋಯಿತು.

ದಾರಿ ತೋರಿಸಿದವರು ಅತ್ತೆ. ಅವರ ತವರು ಶ್ರೀನಿವಾಸಪುರದ ಕಡೆಯ ಹಳ್ಳಿ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು ಕೇಳಿ ಬೆಳೆದವರು. ಪಾತ್ರೆ ತೊಳೆಯುವ ‘ಸಹಜ ದ್ರಾವಣ’ದ ಬಾಟಲಿಯೊಂದನ್ನು ನಾನು ಮೊಬೈಲಿನಲ್ಲಿ ನೋಡುತ್ತಿದ್ದೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಬಗ್ಗಿ ನೋಡಿದರು.

“ಇದು ಕುಂಕುಡುಕಾಯಿ ನೀರಲ್ಲವೇನಮ್ಮ? ಇದಕ್ಕೆ ಇಷ್ಟು ದುಡ್ಡೇ?”

“ಕುಂಕುಡುಕಾಯಿ ಅಂದರೆ ಯಾವುದು ಅತ್ತೆ?”

“ನಮ್ಮ ಅಮ್ಮ ರೇಷ್ಮೆ ಸೀರೆಯನ್ನೂ ಅದರಲ್ಲೇ ಒಗೆಯುತ್ತಿದ್ದರು. ತಲೆಗೂ ಅದೇ. ಕಣ್ಣಿಗೆ ಬಿದ್ದರೆ ಮಾತ್ರ ಉರಿ ತಡೆಯಲಾಗುವುದಿಲ್ಲ.”

ಆ ಪದವನ್ನು ಬರೆದು ಹುಡುಕಿದೆ. ತೆಲುಗು ಪುಟಗಳು ತೆರೆದುಕೊಂಡವು. ಒಂದರಲ್ಲಿ ಸಸ್ಯದ ಶಾಸ್ತ್ರೀಯ ಹೆಸರು ಸ್ಯಾಪಿಂಡಸ್ ಎಂದಿತ್ತು. ಅದನ್ನು ಹಿಡಿದು ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಮಾಡಿರುವ ಔಷಧೀಯ ಸಸ್ಯಗಳ ಮಾಹಿತಿಕೋಶಕ್ಕೆ ಹೋದೆ. ಒಂದೊಂದು ಗಿಡಕ್ಕೂ ಭಾರತದ ಬೇರೆ ಬೇರೆ ಭಾಷೆಗಳಲ್ಲಿರುವ ಹೆಸರುಗಳನ್ನು ಅಲ್ಲಿ ಕೊಟ್ಟಿದ್ದಾರೆ. ಕನ್ನಡದ ಹೆಸರು ಅಲ್ಲಿ ಸಿಕ್ಕಿತು: ಅಂಟುವಾಳ. ನನಗೆ ಗೊತ್ತಿದ್ದ ಪದವೇ. ಚಿಕ್ಕಂದಿನಲ್ಲಿ ಅಜ್ಜಿಯ ಬಾಯಲ್ಲಿ ಕೇಳಿ ಮರೆತಿದ್ದೆ. ‘ಅಂಟುವಾಳ’ ಎಂದು ಬರೆದು ಹುಡುಕಿದ ಮೇಲೆ ಬಂದ ಪುಟಗಳ ಧಾಟಿಯೇ ಬೇರೆ. ಎಷ್ಟು ಕಾಯಿ, ಎಷ್ಟು ನೀರು, ಬೀಜ ಏಕೆ ತೆಗೆಯಬೇಕು, ಎಷ್ಟು ಹೊತ್ತು ಕುದಿಸಬೇಕು ಎಂದು ಮಾಡಿದವರು ಮಾಡಿದ್ದನ್ನು ಬರೆದಿದ್ದರು. ‘ಪ್ರಕೃತಿ ನಮ್ಮ ತಾಯಿ’ ಎಂದು ಅವರಲ್ಲಿ ಯಾರೂ ಶುರು ಮಾಡಿರಲಿಲ್ಲ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ಎಡಪುಟದಲ್ಲಿ ಹುಡುಕಿದ ಪದ, ಬಲಪುಟದಲ್ಲಿ ಸಿಕ್ಕಿದ್ದು. ಕೆಲವೇ ದಿನಗಳಲ್ಲಿ ಅದರಲ್ಲೊಂದು ಕ್ರಮ ಕಂಡಿತು. ಪರಿಸರ, ಸುಸ್ಥಿರ, ಹಸಿರು, ಸಂರಕ್ಷಣೆ ಇಂಥ ದೊಡ್ಡ ಪದಗಳ ಎದುರಿನ ಬಲಪುಟಗಳು ಖಾಲಿ. ತಿಪ್ಪೆ, ಸೀಗೆಕಾಯಿ, ಸಂಪು, ತೆಂಗಿನ ನಾರು, ಎರೆಹುಳು, ಇದ್ದಿಲು ಎಂಬ ಕೈಗೆ ಸಿಗುವ ಪದಗಳ ಎದುರು ಜಾಗ ಸಾಲದೆ ಚೀಟಿ ಅಂಟಿಸಬೇಕಾಯಿತು.

ಅಂಟುವಾಳದ ಬಗ್ಗೆ ಇನ್ನಷ್ಟು ಹೇಳಬೇಕು. ಬೀಜ ತೆಗೆದ ಹನ್ನೆರಡು ಕಾಯಿಗಳನ್ನು ರಾತ್ರಿ ಒಂದು ಲೀಟರ್ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಇಪ್ಪತ್ತು ನಿಮಿಷ ಕುದಿಸಿ, ಕಿವುಚಿ ಸೋಸುತ್ತೇನೆ. ಹೊರಗಿಟ್ಟರೆ ಮೂರನೆಯ ದಿನಕ್ಕೆ ಹುಳಿವಾಸನೆ ಬರುತ್ತದೆ. ಫ್ರಿಜ್‌ನಲ್ಲಿ ವಾರ ತಡೆಯುತ್ತದೆ. ನಮ್ಮ ಬೋರ್‌ವೆಲ್ ನೀರು ಬಹಳ ಗಡಸು. ಸಾಬೂನು ಅದರಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿಯಾಗಿಬಿಡುತ್ತದೆ. ಅಂಟುವಾಳದ ನೊರೆಗೆ ಕಾರಣವಾದ ಸ್ಯಾಪೋನಿನ್ ಹಾಗೆ ಗಸಿಗಟ್ಟುವುದಿಲ್ಲ. ಬಿಳಿ ಅಂಗಿಗಳು ಮೊದಲಿನಷ್ಟು ಬೆಳ್ಳಗಾಗುವುದಿಲ್ಲ ಎನ್ನುವುದೂ ನಿಜ, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ವಿಷಯವನ್ನು ಬಹಳ ಕಡೆ ಬರೆದಿರುವುದಿಲ್ಲ. ಸ್ಯಾಪೋನಿನ್ ಮೀನುಗಳಿಗೆ ವಿಷ. ಹಿಂದೆ ಮೀನು ಹಿಡಿಯಲು ಇಂಥ ಕಾಯಿಗಳನ್ನು ಅರೆದು ನೀರಿಗೆ ಹಾಕುತ್ತಿದ್ದುದುಂಟು. ಆದ್ದರಿಂದ ಆ ನೀರನ್ನು ನಾನು ಬಾಳೆಯ ಬುಡಕ್ಕೆ ಬಿಡುತ್ತೇನೆ, ಕೆರೆ ಸೇರುವ ಮೋರಿಗೆ ಬಿಡುವುದಿಲ್ಲ.

ಕೋಲಾರದವರಿಗೆ ನೊರೆಯ ಮಾತು ಬೇಗ ತಟ್ಟುತ್ತದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು 2018ರಲ್ಲಿ ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂದು ಅಲ್ಲಿಂದ ಮುಂದಿನ ಕೆರೆಗಳಿಗೆ ಹರಿಯತೊಡಗಿತು. ಆ ಹೊಸದರಲ್ಲೇ ನೊರೆ ಕಂಡು ಜಿಲ್ಲೆಯೆಲ್ಲ ಅದೇ ಮಾತಾಗಿತ್ತು. ಒಂದು ಊರಿನ ಬಚ್ಚಲಿನಲ್ಲಿ ಸುರಿದದ್ದು ಇನ್ನೊಂದು ಊರಿನ ಕೆರೆಯಲ್ಲಿ ಏಳುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡವರು. ನಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿಕೊಂಡದ್ದು ಮಾತ್ರ ಏಳು ವರ್ಷ ತಡವಾಗಿ.

ಅತಿ ಹೆಚ್ಚು ಕಷ್ಟ ಕೊಟ್ಟದ್ದು ಗೊಬ್ಬರ. ‘ತಿಪ್ಪೆ ಗೊಬ್ಬರ’ ಎಂದು ಹುಡುಕಿದರೆ ರೈತರಿಗಾಗಿ ಬರೆದ ಒಳ್ಳೆಯ ಟಿಪ್ಪಣಿಗಳು ಸಿಕ್ಕವು. ಆದರೆ ಅವುಗಳ ಲೆಕ್ಕ ಎತ್ತಿನಗಾಡಿಯದು, ಟನ್ನಿನದು. 30×40 ಅಡಿ ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ ಗುಂಡಿ ತೋಡಲು ಜಾಗವಿಲ್ಲ. ಇಂಗ್ಲಿಷ್ ಪುಟಗಳಲ್ಲಿ ಮನೆಯ ಅಳತೆಯ ವಿಧಾನಗಳಿದ್ದವು. ಆದರೆ ಅವು ಹಿಮ ಬೀಳುವ ಊರಿನವರು ಬರೆದದ್ದು. ಮೇಪಲ್ ಎಲೆ ಹಾಕಿ, ಅನ್ನ–ಸಾಂಬಾರು ಹಾಕಬೇಡಿ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಉಳಿಯುವುದೇ ಅನ್ನ–ಸಾಂಬಾರು.

ಆ ಸಮಯದಲ್ಲಿ ಕನ್ನಡದ ಒಂದು ಪುಟ ಸಿಕ್ಕಿತು. ‘ಹಸಿರು ವಸ್ತು ಒಂದು ಪಾಲು, ಕಂದು ವಸ್ತು ಎರಡು ಪಾಲು’ ಎಂದಿತ್ತು. ಯಂತ್ರ ಮಾಡಿದ ಅನುವಾದ ಎಂದು ನನಗೆ ಆಗ ಹೊಳೆಯಲಿಲ್ಲ. ಕಂದು ಎಂದರೆ ಕಂದು ಬಣ್ಣದ್ದು ಎಂದುಕೊಂಡೆ. ಎರಡು ಬೀದಿ ಆಚೆಯ ಟೀ ಅಂಗಡಿಯಿಂದ ದಿನವೂ ಬಳಸಿದ ಟೀಪುಡಿ ತಂದು, ಕಂದು ಬಣ್ಣದ್ದೆಂದು ಸಿಪ್ಪೆಯ ಮೇಲೆ ಹರಡಿದೆ. ಅವರೆಕಾಯಿಯ ಕೊನೆಯ ದಿನಗಳು ಅವು. ಹಿತಕಿದ ಬೇಳೆಯ ಸಿಪ್ಪೆಯೂ ಸೇರಿತು. ಎಂಟನೆಯ ದಿನಕ್ಕೆ ಡ್ರಮ್ಮಿನ ಮುಚ್ಚಳ ತೆಗೆದರೆ ಕಣ್ಣು ಉರಿಯುವಂಥ ಘಾಟು. ಪ್ರಯೋಗಾಲಯದಲ್ಲಿ ಪ್ರತಿದಿನ ಮೂಗಿಗೆ ಬೀಳುವ ಅಮೋನಿಯಾದ ಘಾಟು ಅದು. ಆಗ ವಿಷಯ ತಿಳಿಯಿತು. ಅಮೋನಿಯಾ ಏಳುತ್ತಿದೆ ಎಂದರೆ ಸಾರಜನಕ ಮಿತಿಮೀರಿದೆ. ಗೊಬ್ಬರಕ್ಕೆ ಬೇಕಾದದ್ದು ಒಂದು ಪಾಲು ಸಾರಜನಕಕ್ಕೆ ಸುಮಾರು 25ರಿಂದ 30 ಪಾಲು ಇಂಗಾಲ. ಬಳಸಿದ ಟೀಪುಡಿ ಕಂದಾಗಿ ಕಂಡರೂ ಸಾರಜನಕದ ಕಡೆಯದು, ಅವರೆಸಿಪ್ಪೆಯೂ ಅದೇ ಕಡೆಯದು. ‘ಕಂದು’ ಎಂದು ಆ ಪುಟ ಹೇಳಿದ್ದು ಒಣಗಿದ ಇಂಗಾಲದ ವಸ್ತುವನ್ನು. ‘ಒಣಸೊಪ್ಪು, ಹೊಟ್ಟು’ ಎಂದು ಬರೆದಿದ್ದರೆ ಅತ್ತೆಗೂ ಅರ್ಥವಾಗುತ್ತಿತ್ತು, ನನಗೂ.

ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. ಅವರ ಕೋಪ ನ್ಯಾಯವಾದದ್ದೇ. ಕ್ಷಮೆ ಕೇಳಿ ಎರಡು ದಿನದ ಗಡುವು ಪಡೆದೆ.

ಮತ್ತೆ ಹುಡುಕಿದೆ. ಈ ಬಾರಿ ‘ಹೊಟ್ಟು’, ‘ತೆಂಗಿನ ನಾರಿನ ಪುಡಿ’, ‘ಹುಳ’, ‘ವಾಸನೆ’ ಎಂಬ ಪದಗಳನ್ನು ಹಿಡಿದು. ಆಗ ಬೆಂಗಳೂರಿನ ಕೈತೋಟದವರು ಸಿಕ್ಕರು. ಪೂನಂ ಬೀರ್ ಕಸ್ತೂರಿ ಅವರು 2006ರಲ್ಲಿ ಆರಂಭಿಸಿದ ಡೈಲಿ ಡಂಪ್ ಸಂಸ್ಥೆ ಮಣ್ಣಿನ ಮಡಕೆಗಳನ್ನು ಒಂದರ ಮೇಲೊಂದು ಇಟ್ಟು ಗೊಬ್ಬರ ಮಾಡುವ ವಿಧಾನವನ್ನು ಮನೆಮನೆಗೆ ತಂದಿದೆ. ‘ಎರಡು ಬುಟ್ಟಿ, ಒಂದು ಚೀಲ’ ಎಂದು ಬೆಂಗಳೂರಿನಲ್ಲಿ ಜಾರಿಗೆ ಬಂದ ಕಸ ವಿಂಗಡಣೆಯ ಕ್ರಮದ ಬಗ್ಗೆಯೂ ಓದಿದೆ. ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಾಪರ್, ಸ್ಯಾನಿಟರಿ ಪ್ಯಾಡ್‌ನಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಇಷ್ಟು ಸರಳ. ಇವರೆಲ್ಲ ನಮ್ಮಿಂದ ಎರಡು ಗಂಟೆಯ ದಾರಿಯಲ್ಲಿರುವವರು. ನಮ್ಮದೇ ಬಿಸಿಲು, ನಮ್ಮದೇ ಸಾಂಬಾರು. ಮಡಕೆಯನ್ನು ನಾನು ದೂರದಿಂದ ತರಿಸಲಿಲ್ಲ. ನಮ್ಮ ಸಂತೆಯಲ್ಲಿ ಮೂರು ದೊಡ್ಡ ಮಡಕೆ ಕೊಂಡು ಬದಿಗೆ ತೂತು ಕೊರೆಸಿದೆ.

ಹೊಟ್ಟಿಗೆ ಮೊದಲು ರಾಗಿ ಹುಲ್ಲನ್ನು ಯೋಚಿಸಿದ್ದೆ. ಅತ್ತೆ ಒಪ್ಪಲಿಲ್ಲ. “ಹಸು ತಿನ್ನುವುದನ್ನು ಕೊಳೆಸಬೇಡ ತಾಯಿ” ಎಂದರು. ಅವರು ಹೇಳಿದ್ದು ಸರಿ. ಹಾಲಿನ ಜಿಲ್ಲೆ ಇದು, ರಾಗಿ ಹುಲ್ಲಿಗೆ ಬೆಲೆಯಿದೆ. ಅವರೆಸಿಪ್ಪೆಯೂ ಆಮೇಲೆ ಎದುರುಮನೆಯವರ ಹಸುವಿಗೆ ಹೋಯಿತು. ಗೊಬ್ಬರಕ್ಕೆ ಸಾಮಿಲ್ಲಿನ ಮರದ ಹೊಟ್ಟು, ಒಣಗಿದ ಮಾವಿನೆಲೆ, ಕಡಲೆಕಾಯಿ ಸಿಪ್ಪೆ ಬಂದವು. ಒಂದು ಹಿಡಿ ಹಸಿ ಕಸಕ್ಕೆ ಒಂದೂವರೆ ಹಿಡಿ ಒಣ ಹೊಟ್ಟು. ಮೇ ತಿಂಗಳಲ್ಲಿ ಮಾವಿನ ಸಿಪ್ಪೆ ಸುರಿದಾಗ ಬಿಳಿ ಹುಳುಗಳು ಕಿಲಿಬಿಲಿ ಎಂದವು. ಮಗಳು ಹೆದರಿದಳು. ಹುಡುಕಿ ನೋಡಿದರೆ ಅವು ಕಪ್ಪು ಸೈನಿಕ ನೊಣದ ಮರಿಗಳು. ಕಚ್ಚುವುದಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತವೆ. ಬೆಳೆದ ನೊಣಕ್ಕೆ ಊಟದ ಮೇಲೆ ಕೂರುವ ಚಾಳಿಯಿಲ್ಲ. ಇದನ್ನು ಓದಿದ ಮೇಲೆ ಮಗಳೇ ದಿನವೂ ಮುಚ್ಚಳ ತೆಗೆದು ಅವುಗಳನ್ನು ನೋಡುತ್ತಿದ್ದಳು. ಜೂನ್ ಕೊನೆಗೆ ಮೊದಲ ಮಡಕೆಯನ್ನು ಬೋರಲು ಹಾಕಿದೆವು. ಕಪ್ಪಾದ, ಉದುರುಉದುರಾದ ಗೊಬ್ಬರ. ಮಳೆ ಬಿದ್ದ ಮಣ್ಣಿನ ವಾಸನೆ. ತೂಗಿದಾಗ ಒಂಬತ್ತು ಕಿಲೋ ಇತ್ತು. ಅಷ್ಟು ಕಸ ಆ ಖಾಲಿ ನಿವೇಶನಕ್ಕೆ ಹೋಗಲಿಲ್ಲ ಎಂದು ನೆನೆದಾಗ ಗಂಟಲು ತುಂಬಿ ಬಂತು.

ನಡುವೆ ಒಂದು ಬಾರಿ ಮೋಸ ಹೋದೆ. ಹಸಿ ಕಸದ ಬುಟ್ಟಿಗೆ ಹಾಕಲು ‘ಮಣ್ಣಲ್ಲಿ ಕರಗುವ ಚೀಲ’ ಎಂದು ಮೇಲೆ ಹಸಿರೆಲೆ ಅಚ್ಚಾಗಿದ್ದ ಕಟ್ಟೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಒಂದನ್ನು ಕರಿಬೇವಿನ ಕುಂಡದಲ್ಲಿ ಹೂತು, ದಿನಾಂಕ ಬರೆದು ಕಡ್ಡಿ ನೆಟ್ಟೆ. ಆರು ತಿಂಗಳ ನಂತರ ಅಗೆದರೆ ಹಸಿರೆಲೆಯ ಚಿತ್ರದ ಸಮೇತ ಹಾಗೆಯೇ ಇತ್ತು. ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೆ ಐಎಸ್ 17088 ಎಂಬ ಮಾನದಂಡವಿದೆ, ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು, ಅಂಥ ತಯಾರಕರ ಪಟ್ಟಿಯನ್ನು ಮಂಡಳಿಯೇ ಪ್ರಕಟಿಸುತ್ತದೆ ಎಂದು ಆಮೇಲೆ ತಿಳಿಯಿತು. ಚಿತ್ರವಿಲ್ಲದ, ಬಣ್ಣವಿಲ್ಲದ, ಬರೀ ಹೆಸರು ಸಂಖ್ಯೆಗಳ ಪಟ್ಟಿ. ನಾನು ಓದಿದ ಎಷ್ಟೋ ಸುಂದರ ಪುಟಗಳಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬಂತು. ಅಂದಹಾಗೆ, ಆ ಮಾನದಂಡ ಪಾಲಿಸಿದ ಚೀಲವೂ ದೊಡ್ಡ ರಾಶಿಯ ಬಿಸಿಯಲ್ಲಿ ಕರಗುವಂಥದ್ದು. ಮನೆಯ ಕುಂಡದಲ್ಲಿ ಅಷ್ಟು ಕಾವು ಏಳುವುದಿಲ್ಲ. ಈಗ ಬುಟ್ಟಿಗೆ ಹಳೆಯ ದಿನಪತ್ರಿಕೆ ಹಾಸುತ್ತೇನೆ.

ಇನ್ನು ನೀರು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅಂತರ್ಜಲದ ಲೆಕ್ಕದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರ ಎಲ್ಲವೂ ಅತಿಬಳಕೆಯ ಪಟ್ಟಿಯಲ್ಲಿವೆ. ಸಾವಿರ ಅಡಿ ಕೊರೆದರೂ ಧೂಳು ಬಂದ ಕಥೆ ಪ್ರತಿ ಬೀದಿಯಲ್ಲಿದೆ. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್. ‘ಜಲ ಸಂರಕ್ಷಣೆ’ ಎಂದು ಹುಡುಕಿದಾಗ ಮತ್ತೆ ಭಾಷಣಗಳೇ ಬಂದವು. ‘ಚಾವಣಿ ಮಳೆನೀರು, ಸಂಪು, ಶೋಧಕ’ ಎಂದು ಬರೆದಾಗ ಎ.ಆರ್. ಶಿವಕುಮಾರ್ ಅವರ ಕೆಲಸ ಸಿಕ್ಕಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದವರು. ಬೆಂಗಳೂರಿನ ವಿಜಯನಗರದ ತಮ್ಮ ಮನೆಗೆ ಜಲಮಂಡಳಿಯ ಸಂಪರ್ಕವನ್ನೇ ಪಡೆಯದೆ ಎರಡು ದಶಕಕ್ಕೂ ಹೆಚ್ಚು ಕಾಲ ಮಳೆನೀರಿನಲ್ಲೇ ಸಂಸಾರ ನಡೆಸಿದವರು. ಅವರ ವಿವರಣೆಗಳಿಂದ, ಅರ್ಘ್ಯಂ ಪ್ರತಿಷ್ಠಾನದ ಇಂಡಿಯಾ ವಾಟರ್ ಪೋರ್ಟಲಿನಿಂದ ನನಗೆ ದಕ್ಕಿದ ಮುಖ್ಯ ಸಂಗತಿ ಒಂದು ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು.

ಆ ರಾತ್ರಿ ಯಜಮಾನರೂ ನಾನೂ ಟೇಪು ಹಿಡಿದು ಚಾವಣಿ ಅಳೆದೆವು. 900 ಚದರ ಅಡಿ, ಎಂದರೆ ಸುಮಾರು 84 ಚದರ ಮೀಟರ್. ನಮ್ಮ ಕಡೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಹಿಡಿದು, ಆವಿಯಾಗಿ ಚೆಲ್ಲಿಹೋಗುವುದನ್ನು ಕಳೆದರೂ ಸುಮಾರು 50,000 ಲೀಟರ್. 5,000 ಲೀಟರಿನ ಹತ್ತು ಟ್ಯಾಂಕರ್. ಪ್ರತಿವರ್ಷ ಅಷ್ಟು ನೀರನ್ನು ಪೈಪಿನಿಂದ ಬೀದಿಗೆ ಬಿಟ್ಟು, ಬೇಸಿಗೆಯಲ್ಲಿ ಟ್ಯಾಂಕರಿನವರಿಗೆ ಫೋನ್ ಮಾಡುತ್ತಿದ್ದೆವು. ಯಜಮಾನರು ಟೇಪು ಸುತ್ತುತ್ತಾ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಕೊಳಾಯಿ ಕೆಲಸದವರನ್ನು ಕರೆದು ತಂದದ್ದು ಅವರೇ.

ಮೊದಲ ಮಳೆಯಲ್ಲಿ ಎಡವಿದೆವು. ಪಾರಿವಾಳದ ಹಿಕ್ಕೆ, ಒಣಹಾಕಿದ ಹುಣಸೆಯ ನಾರು ಎಲ್ಲವೂ ಇಳಿದು ಸಂಪು ನಾರಿತು. ಪೂರ್ತಿ ಬಳಿದು ಹೊರಗೆ ಹಾಕಬೇಕಾಯಿತು. ಮೊದಲ ಎರಡು ಮಿಲಿಮೀಟರ್ ಮಳೆಯನ್ನು ಬೇರೆ ಕೊಳವೆಯಿಂದ ಹೊರಬಿಡಬೇಕು ಎಂದು ಓದಿದ್ದೆ. ಆ ಕವಾಟವನ್ನು ಮುಂದಿನ ತಿಂಗಳು ಹಾಕಿಸಿದರಾಯಿತು ಎಂದು ಬಿಟ್ಟಿದ್ದೆ. ನಮ್ಮ ಚಾವಣಿಗೆ ಆ ಮೊದಲ ಮಳೆಯ ನೀರು ಸುಮಾರು 170 ಲೀಟರ್. ಈಗ ಅದು ಗಿಡಗಳಿಗೆ ಹೋಗುತ್ತದೆ. ಸೆಪ್ಟೆಂಬರಿನಲ್ಲಿ ಸಂಪಿನ ನೀರನ್ನು ಕಾಲೇಜಿಗೆ ಒಯ್ದು ಗಡಸುತನ ಪರೀಕ್ಷಿಸಿದೆ. ಬೋರ್‌ವೆಲ್ ನೀರಿಗೆ ಸೂಚಕ ಹಾಕಿದಾಗ ದ್ರಾಕ್ಷಾರಸದಂಥ ಕೆಂಪು ಬಂದು, ಅದು ನೀಲಿಯಾಗಲು ಬ್ಯುರೆಟ್ಟಿನಿಂದ ಬಹಳ ಹೊತ್ತು ದ್ರಾವಣ ಬಿಡಬೇಕಾಗುತ್ತದೆ. ಮಳೆನೀರು ಕೆಲವೇ ಹನಿಗೆ ನೀಲಿಯಾಯಿತು. ನಾನು ಶಂಕುಪಾತ್ರೆಯನ್ನು ಬೆಳಕಿಗೆ ಹಿಡಿದು ನಿಂತೇ ಇದ್ದೆ. ತೊಗರಿಬೇಳೆ ಈಗ ಎರಡು ಸೀಟಿ ಕಡಿಮೆಗೆ ಬೇಯುತ್ತದೆ.

ಉಳಿದವು ಚಿಕ್ಕವು. ಬೆಲ್ಲ ಒಂದು, ಸಿಪ್ಪೆ ಮೂರು, ನೀರು ಹತ್ತು ಪಾಲು ಹಾಕಿ ಮೂರು ತಿಂಗಳು ಹುದುಗಿಸುವ ಬಯೋಎಂಜೈಮ್ ಮಾಡಿದೆ. ನೆಲ ಒರೆಸಲು ಚೆನ್ನಾಗಿದೆ. ಆದರೆ ಇದು ಓಜೋನ್ ಪದರವನ್ನು ಸರಿಪಡಿಸುತ್ತದೆ ಎಂದು ಹೇಳುವ ವಿಡಿಯೊಗಳನ್ನು ನಂಬಬೇಡಿ. ಪಿಎಚ್ ಕಾಗದ ಅದ್ದಿ ನೋಡಿದರೆ ಅದೊಂದು ಹುಳಿ ದ್ರಾವಣ, ಅಷ್ಟೆ. ಫ್ಯಾನುಗಳ ವಿಷಯಕ್ಕೆ ಇಂಧನ ದಕ್ಷತಾ ಬ್ಯೂರೊದ ನಕ್ಷತ್ರ ಚೀಟಿಯ ಮಾಹಿತಿ ಸಾಕಾಯಿತು. ಹಳೆಯದು 75 ವಾಟ್, ಕಡಿಮೆ ವಿದ್ಯುತ್ತಿನಲ್ಲಿ ಓಡುವ ಬಿಎಲ್‌ಡಿಸಿ ಮೋಟಾರಿನ ಹೊಸ ಫ್ಯಾನು 30ರ ಆಸುಪಾಸು. “ಗೃಹಜ್ಯೋತಿಯಲ್ಲಿ ಬಿಲ್ಲೇ ಬರುವುದಿಲ್ಲವಲ್ಲ” ಎಂದು ಯಜಮಾನರು ಕೇಳಿದರು. ದಿನಕ್ಕೆ 12 ಗಂಟೆ ಓಡಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ, ಆ ವಿದ್ಯುತ್ತನ್ನು ಯಾರೋ ಎಲ್ಲೋ ಕಲ್ಲಿದ್ದಲು ಸುಟ್ಟು ಮಾಡಬೇಕಲ್ಲ ಎಂದು ಲೆಕ್ಕ ತೋರಿಸಿದೆ. ಎರಡು ಫ್ಯಾನು ಬದಲಾಗಿವೆ.

ನೋಟ್‌ಬುಕ್ಕಿನ ಎಡಪುಟಕ್ಕೆ ಈಗ ಅತ್ತೆಯೇ ಪದ ಹೇಳುತ್ತಾರೆ. ಕಳೆದ ವಾರ ಹೇಳಿದ್ದು ‘ಚೌಳು ಮಣ್ಣು’. ಅವರ ಊರಿನ ಮಡಿವಾಳರು ಕೆರೆಯಂಗಳದಿಂದ ಆ ಬಿಳಿ ಮಣ್ಣನ್ನು ಕೆರೆದು ತಂದು, ಅದರಲ್ಲಿ ಬಟ್ಟೆ ನೆನೆಸಿ, ಆವಿಯಲ್ಲಿ ಬೇಯಿಸಿ ಒಗೆಯುತ್ತಿದ್ದರಂತೆ. ಅಂಟುವಾಳದಲ್ಲಿ ಬೆಳ್ಳಗಾಗದ ಅಂಗಿಗಳಿಗೆ ಅದು ಉತ್ತರವಾಗಬಹುದು ಎಂದು ಹುಡುಕಿದೆ. ಚೌಳು ಭೂಮಿಯನ್ನು ಸರಿಪಡಿಸುವುದು ಹೇಗೆ, ಜಿಪ್ಸಂ ಎಷ್ಟು ಹಾಕಬೇಕು ಎಂಬ ಪುಟಗಳೇ ಬಂದವು. ಒಗೆಯುವುದರ ಬಗ್ಗೆ ಒಂದು ಸಾಲೂ ಸಿಗಲಿಲ್ಲ. ಬಲಪುಟ ಖಾಲಿಯಿದೆ. ಆ ಮನೆತನದ ಹಿರಿಯರೊಬ್ಬರು ಇನ್ನೂ ಊರಿನಲ್ಲಿದ್ದಾರೆ, ಎಂಬತ್ತು ದಾಟಿದ್ದಾರೆ ಎಂದು ಅತ್ತೆ ಹೇಳಿದ್ದಾರೆ. ಭಾನುವಾರ ಬೆಳಗಿನ ಶ್ರೀನಿವಾಸಪುರದ ಬಸ್ಸಿಗೆ ನಾವಿಬ್ಬರೂ ಹೋಗುತ್ತಿದ್ದೇವೆ. ಚೀಲದಲ್ಲಿ ನೋಟ್‌ಬುಕ್, ಮಣ್ಣು ತುಂಬಿಕೊಳ್ಳಲು ಎರಡು ಗಾಜಿನ ಸೀಸೆ, ಪಿಎಚ್ ಕಾಗದ ಇಟ್ಟಿದ್ದೇನೆ.